ಮೂಲೆಯ ಗಂಟು

ಬೈತಖೋಲದ ನಮ್ಮ ಶಾಲೆಯಲ್ಲಿ ಸಿಗ್ನಲ್ಲು ಸಿಗುವುದು
ನೀರಿನ ಟಾಂಕಿಯ ಮೆಟ್ಟಿಲ ಮೇಲೆ, ಒಂದೇ ಒಂದು ಕಡೆ.
ಅದೂ ಗಾಳಿ ಬಂದರಿನ ಕಡೆಯಿಂದ ಬೀಸದಿದ್ದರೆ
ಎನ್ನುತ್ತಾರೆ ಬಾಂದೇಕರ ಮಾಸ್ತರು. ನಾನು ನಂಬುವುದಿಲ್ಲ.
ಆದರೂ ಗುರುವಾರ ಗುರುವಾರ
ಗಾಳಿ ನೋಡಿಯೇ ಮೆಟ್ಟಿಲು ಹತ್ತುತ್ತೇನೆ.

ಫೋನು ಎತ್ತಿ ಹಿಡಿದು ಇಳಿಸಿಕೊಳ್ಳುತ್ತೇನೆ
ಎಲ್ಲಿಯೋ ಕೂತ ಯಾರೋ ಪುಣ್ಯಾತ್ಮರು
ಪುಕ್ಕಟೆ ಹಂಚುವ ಲೆಕ್ಕವೊಂದನ್ನು.
ವಾರಕ್ಕೊಂದು. ಪಠ್ಯದಲ್ಲಿ ಇಲ್ಲದ್ದು, ಪರೀಕ್ಷೆಗೆ ಬಾರದ್ದು.
"ಬಾರದ್ದನ್ನು ಯಾಕೆ ಕಲಿಸ್ತೀರಿ ಅಕ್ಕೋರೇ?"
ಪಾಲಕರ ಸಭೆಯಲ್ಲಿ ಯಾರೋ ಕೇಳಿದ್ದರು.
ಆಗ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ.

ಈ ವಾರದ್ದು: ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಮನೆಗಳ ಜಾಲರಿ.
ಒಟ್ಟು ಚೌಕ ಎಷ್ಟು?
ಕೆಳಗೆ ಎರಡು ಗುಂಡಿ. ಒಂದು ಸುಳಿವು, ಒಂದು ಪರಿಹಾರ.
ಒಂದರಲ್ಲಿ ಸುಳಿ, ಇನ್ನೊಂದರಲ್ಲಿ ದಡ.
ಎರಡನ್ನೂ ಒತ್ತಲಿಲ್ಲ.
ಇಂಗ್ಲಿಷನ್ನು ಟಾಂಕಿಯ ಹತ್ತಿರವೇ ಬಿಟ್ಟು
ಜಾಲರಿಯನ್ನು ಬಲೆ ಮಾಡಿ, ಮನೆಯನ್ನು ಕಣ್ಣು ಮಾಡಿ
ಹಲಗೆಗೆ ತಂದೆ.

"ಹದಿನಾರು!" ಎಂದಿತು ಇಡೀ ಎಂಟನೆಯ ತರಗತಿ,
ಊಟದ ಗಂಟೆಗೆ ಎದ್ದು ನಿಂತ ಹಾಗೆ.
ನಾನು ಸುಮ್ಮನಿದ್ದೆ.
ಹೀಗೆ ಸುಮ್ಮನಿರುವುದನ್ನು ಕಲಿಯಲು
ಹನ್ನೊಂದು ವರ್ಷ ಹಿಡಿಯಿತು ನನಗೆ;
ಬಿ.ಎಡ್‌ನಲ್ಲಿ ಇದಕ್ಕೆ ಅಂಕ ಇರಲಿಲ್ಲ.

ಸುಮ್ಮನಿದ್ದರೆ ಬಂದರಿನಲ್ಲಿ ಐಸು ಪುಡಿಮಾಡುವ ಯಂತ್ರ ಕೇಳುತ್ತದೆ.
ಯಾರದೋ ಕಂಪಾಸು ಡಬ್ಬಿ ಬೀಳುತ್ತದೆ.
ಆಮೇಲೆ ಮೆಲ್ವಿನ್, ಅನುಮಾನದ ದನಿಯಲ್ಲಿ:
"ಹದಿನೇಳಾ? ಹೊರಗಿನದೂ ಚೌಕವೇ ಅಲ್ವಾ?"
ಆಮೇಲೆ ಹಿಡಿಯುವವರಿಲ್ಲ.
ನಾಲ್ಕು ಕಣ್ಣಿನ ಚೌಕ ಒಂಬತ್ತು, ಒಂಬತ್ತು ಕಣ್ಣಿನವು ನಾಲ್ಕು,
ಹಲಗೆಯ ತುಂಬ ಬೆರಳು, ಬೆಂಚು ಬೆಂಚಿಗೆ ಜಗಳ,
ಇಪ್ಪತ್ತೆಂಟರವರು, ಮೂವತ್ತೊಂದರವರು,
ಕೊನೆಗೆ ಎಲ್ಲರೂ ಮೂವತ್ತಕ್ಕೆ ಬಂದು ಹತ್ತಿದರು.
ಪರಿಹಾರದಲ್ಲೂ ಮೂವತ್ತೇ ಇತ್ತು, ಆಮೇಲೆ ನೋಡಿದೆ.

ಅಲ್ಲಿಗೆ ಮುಗಿಯಬೇಕಿತ್ತು.
ಹಿಂದಿನ ಬೆಂಚಿನ ಉಜ್ವಲಾ ತಾಂಡೇಲ,
ಏಳರ ಮಗ್ಗಿಯಲ್ಲಿ ಪ್ರತಿ ವರ್ಷ ಎಡವುವವಳು,
ಬೆರಳ ತುದಿಗೆ ನೈಲಾನು ಕೊಯ್ದ ಗೆರೆಯವಳು,
ಕೈ ಎತ್ತದೆಯೇ ಕೇಳಿದಳು:
"ಒಂದು ಗಂಟು ಹರಿದರೆ?"

ಯಾವ ಗಂಟು, ಎಂದೆ.
"ಅದೇ ಅಕ್ಕೋರೇ. ಯಾವ ಗಂಟು ಅಂತ ಕೇಳಬೇಕಲ್ಲ."

ಫೋನಿನಲ್ಲಿ ಅದು ಇರಲಿಲ್ಲ. ಸುಳಿವೂ ಇಲ್ಲ, ಪರಿಹಾರವೂ ಇಲ್ಲ.
ನನ್ನ ಹತ್ತಿರವೂ ಇರಲಿಲ್ಲ;
ಸೆರಗಿನ ಸೀಮೆಸುಣ್ಣ ಕೊಡವುತ್ತ ಹೊತ್ತು ಕಳೆದೆ.
ಅವಳೇ ಬಂದಳು. ನಟ್ಟನಡುವಿನ ಗಂಟನ್ನು,
ಅದಕ್ಕೆ ಅಂಟಿದ ನಾಲ್ಕು ತುಂಡು ದಾರವನ್ನು ಅಂಗೈಯಲ್ಲಿ ಅಳಿಸಿ
ಎಣಿಸಿದಳು: ಹನ್ನೆರಡು ಹೋಯಿತು, ಹದಿನೆಂಟು ಉಳಿಯಿತು.
ಮತ್ತೆ ಹೆಣೆದು ಮೂಲೆಯದನ್ನು ಅಳಿಸಿದಳು: ನಾಲ್ಕೇ ಹೋಯಿತು.
"ಮೂಲೆಯದು ಹೋದರೆ ಅಷ್ಟೇನೂ ಗೊತ್ತಾಗೂದಿಲ್ಲ."
ಲೆಕ್ಕದ ಮಾತೇ ಇರಬೇಕು.
ಅವಳು ಹೋಗಿ ಕೂತ ಜಾಗ ನೋಡಿದೆ.

ಸಂಜೆ ಜೆಟ್ಟಿಯಲ್ಲಿ ಅವಳಪ್ಪ ಗಣಪು
ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಕೂತಿದ್ದ.
ನಿಮ್ಮ ಮಗಳು ಹೊಸ ಲೆಕ್ಕ ಹುಟ್ಟಿಸಿದಳು ಎಂದೆ,
ಹನ್ನೆರಡು, ನಾಲ್ಕು, ಎಲ್ಲ ಹೇಳಿದೆ.
ಪೂರ್ತಿ ಕೇಳಿ, ಹಲ್ಲಿನಲ್ಲಿ ದಾರ ತುಂಡರಿಸಿ ಹೇಳಿದ:
"ಬಾಂಗಡೆಗೆ ಒಂದೇ ತೂತು ಸಾಕು ಅಕ್ಕೋರೇ. ಮೂಲೆಯದಾದರೂ.
ಮತ್ತೆ, ನಮ್ಮ ಬಲೆಯ ಕಣ್ಣು ಚೌಕ ಇರೂದಿಲ್ಲ."
ಎಳೆದು ತೋರಿಸಿದ. ಎಲ್ಲ ಕಣ್ಣೂ ಒಟ್ಟಿಗೆ ಓರೆಯಾದವು.

ಲೆಕ್ಕ ಬಿಡಿಸು ಎನ್ನುತ್ತೇವೆ, ಗಂಟು ಬಿಡಿಸು ಎನ್ನುತ್ತೇವೆ.
ಇಷ್ಟು ವರ್ಷ ನಾನು ಕಲಿಸಿದ್ದು ಬಿಡಿಸುವುದೊಂದೇ.
ಇವನು ಕತ್ತಲಾಗುವವರೆಗೂ
ಒಂದೊಂದೇ ಗಂಟು ಹಾಕುತ್ತಿದ್ದ.

ಈ ಗುರುವಾರ ಟಾಂಕಿಯ ಮೆಟ್ಟಿಲು ಹತ್ತಲಿಲ್ಲ.
ಗಾಳಿಯೂ ಬಂದರಿನ ಕಡೆಯದೇ ಇತ್ತು.
ಹಲಗೆಯ ಮೇಲೆ ಓರೆ ಬಲೆಯೊಂದನ್ನು ಬಿಡಿಸಿ
ಏನೂ ಕೇಳದೆ
ಪಕ್ಕಕ್ಕೆ ಸರಿದು ನಿಂತೆ.
ಐಸಿನ ಯಂತ್ರ ಕೇಳತೊಡಗಿತು.