ಬೀಟ್ ನಂಬರ್ ಒಂಬತ್ತು

ಟೇಲರ್ ಸೂಗಪ್ಪಗ ಗೊತ್ತು ನನ್ನ ನೌಕರಿ ಎಂಥಾದ್ದಂತ.
ಟೇಪು ಹಿಡಿದಾಗೊಮ್ಮೆ ಹೇಳ್ತಾನ:
"ಎಡಭುಜ ಮತ್ತ ಅರ್ಧ ಇಂಚು ಇಳಿದೈತಿ, ಹುಸೇನಪ್ಪ."
ಖಾಕಿ ಅಂಗಿಗೆ ಎಡಗಡಿ ಒಂದು ಪದರ ಅರಿವಿ ಜಾಸ್ತಿ ಇಟ್ಟು ಹೊಲೀತಾನ.
ಕನ್ನಡಿಯಾಗ ಸಮ ಕಾಣ್ತೀನಿ,
ಬಚ್ಚಲದಾಗ ಕಾಣಂಗಿಲ್ಲ.

ರಾಯಚೂರಿನ ಅಂದ್ರೂನ್ ಕಿಲ್ಲಾ ನಂದು, ಇಪ್ಪತ್ತೊಂಬತ್ತು ವರ್ಷದಿಂದ.
ಗೋಡಿ ಒಳಗಿನ ಊರು; ಇಲ್ಲಿ ಒಂದರ ಪಕ್ಕ ಎರಡು ಬರಂಗಿಲ್ಲ,
ಹನ್ನೊಂದರ ಪಕ್ಕ ಐವತ್ನಾಲ್ಕು, ಅದರ ಹಿಂದ ಎರಡು,
ನಡುವ ಒಂದು ಗೋರಿ,
ಅದಕ್ಕ ನಂಬರಿಲ್ಲ, ಟಪಾಲೂ ಇಲ್ಲ.
"ಬೇವಿನ ಗಿಡದ ಎದುರು" ಅಂತ ಇವತ್ತಿಗೂ ಬರೀತಾರ.
ಗಿಡ ಕಡದು ಹತ್ತು ವರ್ಷಾತು.
ಎಲ್ಲಿತ್ತು ಅಂತ ಪೂರಾ ಓಣಿಗೆ ಮರತೈತಿ,
ನನ್ನ ಕಾಲಿಗೆ ನೆನಪೈತಿ,
ಮೇ ತಿಂಗಳ ಒಂದು ಗಂಟೆಗೆ ಅಲ್ಲಿ ತಾವಾಗೇ ನಿಂದರ್ತಾವ.

ಇನ್ನ ನಾಯಿಗಳ ವಿಷಯ.
ಮೂರು ಸಲ ಕಡದಾವ.
ಮೊದಲನೇದಕ್ಕ ಹೊಕ್ಕಳದ ಸುತ್ತ ಹದಿನಾಲ್ಕು ಸೂಜಿ,
ದೊಡ್ಡ ದವಾಖಾನಿಯಾಗ ಅಂಗಿ ಎತ್ತಿ ಹಿಡಕೊಂಡು ಪಾಳಿ ನಿಂತು.
ಎರಡನೇದು ವಕೀಲರ ಮನಿಯಾಗ.
"ಏನೂ ಮಾಡಂಗಿಲ್ರೀ ಅದು, ಬರ್ರಿ" ಅಂತ ಒಳಗಿಂದ ಕೂಗು;
ಅಷ್ಟರಾಗ ಅದು ಮಾಡಿ ಮುಗಿಸಿತ್ತು.
ಆಫೀಸಿನಾಗ ಫಾರಂ ಕೊಟ್ರು: ಘಟನೆಯ ಸಮಯ, ಸ್ಥಳ,
ನೌಕರನ ಅಜಾಗರೂಕತೆ ಏನಾದರೂ ಇದ್ದಲ್ಲಿ ವಿವರಿಸಿ.
ವಿವರಿಸಿದೆ: ಖಾಕಿ ಪ್ಯಾಂಟು ತೊಟ್ಟಿದ್ದೆ.
ಮೂರನೇದು ಹೇಳಂಗಿಲ್ಲ.
ಅದು ನಾನಾ ಸಾಕಿದ್ದು.

ಈಗ ಯಾರೂ ಕಾಗದ ಬರಿಯಂಗಿಲ್ಲ.
ಎಟಿಎಂ ಕಾರ್ಡು, ಆಧಾರು, ಬ್ಯಾಂಕಿನ ನೋಟೀಸು.
ಸಹಿ ಮಾಡಿ ಪೆನ್ನು ವಾಪಸ್ ಕೊಡೂಮುಂದ ಮಾರಿ ನೋಡ್ತಾರ,
ಸಾಲ ನಾನಾ ಕೊಡಿಸಿದಂಗ.
ಒಬ್ಬಾತ ಹರದು ನನ್ನ ಎದಿಗೆ ಒಗದ.
ತುಂಡೆಲ್ಲಾ ಆರಿಸಿ ಅವನ ಕಟ್ಟಿ ಮ್ಯಾಲ ಇಟ್ಟು
ಮ್ಯಾಲೊಂದು ಕಲ್ಲು ಹೇರಿ ಬಂದೆ.
ಗಾಳಿ ಇತ್ತು ಅವತ್ತು.

ಒಂದು ಮಂಗಳವಾರ ರಿಜಿಸ್ಟರ್ ಬಂತು, ಕೋರ್ಟಿನ ಮುದ್ರಿ ಇದ್ದದ್ದು,
"ವಿಳಾಸದಾರರಿಗೆ ಮಾತ್ರ".
ಬಂದೇನವಾಜ್, ಹತ್ತಿ ಗಿರಣಿಯ ಹಳೇ ಫಿಟ್ಟರು.
ಗಿರಣಿ ಮುಚ್ಚಿದ ವರ್ಷ ಹಾಕಿದ ಕೇಸು, ಬಾಕಿ ಪಗಾರದ್ದು.
ಇಪ್ಪತ್ತು ವರ್ಷ ನನ್ನ ಸೈಕಲ್ ಗಂಟಿ ಕೇಳಿ ಎದ್ದು ಬರ್ತಿದ್ದ,
"ಇವತ್ತೂ ಇಲ್ಲೇನು?" ಅಂತ ನಕ್ಕು ತಂಬಿಗಿ ನೀರು ಕೊಡ್ತಿದ್ದ.
ರಂಜಾನ್ ತಿಂಗಳಾಗ ತಾನು ಗುಟುಕು ಕುಡೀತಿದ್ದಿಲ್ಲ,
ನನಗ ಕೊಡೋದು ಬಿಡ್ತಿದ್ದಿಲ್ಲ.
ಆತ ಹೋಗಿ ನಲವತ್ತು ದಿನ ಆಗಿದ್ವು.

ಜೈನಬೀ ಬಾಗಿಲದಾಗ ನಿಂತ್ಲು. ನಾನು ಪೆನ್ನು ತಗದೆ.
ಬರೀಬೇಕಾದ್ದು ಒಂದೇ ಶಬ್ದ, ಎರಡಕ್ಷರ.
"ಹಂಗ ಬರೀಬ್ಯಾಡ್ರಿ ಭಾಯ್," ಅಂದ್ಲು,
"ಊರಾಗಿಲ್ಲ ಅಂತ ಬರೀರಿ."

ಊರಾಗಿಲ್ಲದವರ ರಿಜಿಸ್ಟರ್ ಏಳು ದಿನ ಆಫೀಸಿನಾಗ ಕಾಯ್ತೈತಿ.
ಸುಳ್ಳು ಬರದದ್ದು ಗೊತ್ತಾದ್ರ ಮೆಮೊ, ಇನ್ಕ್ರಿಮೆಂಟಿಗೆ ಕತ್ತರಿ.
ಬರದೆ.

ಏಳು ದಿನ ಬಂದೇನವಾಜ್ ಊರಾಗಿದ್ದಿಲ್ಲ.
ಯಾದಗಿರಿಗೆ ಹೋಗಿದ್ನೋ, ಗುಂತಕಲ್ಲಿನ ತಂಗಿ ಮನಿಗೋ,
ಪ್ಯಾಸೆಂಜರ್ ಗಾಡಿಯಾಗ ಕಿಟಕಿ ಕಡಿ ಕುಂತು,
ಟೊಪ್ಪಿಗಿ ತೊಡಿಮ್ಯಾಲ ಇಟಕೊಂಡು.
ದಿನಾ ಮುಂಜಾನೆ ಟಪಾಲು ಆರಿಸೂಮುಂದ ಆ ಲಕೋಟಿ ಮುಟ್ಟಿ ನೋಡ್ತಿದ್ದೆ.
ಒಳಗ ಒಂದೇ ಹಾಳಿ ಇದ್ದಂಗಿತ್ತು.
ಗೆದ್ದವರಿಗೂ ಒಂದೇ ಹಾಳಿ ಬರತೈತಿ,
ಸೋತವರಿಗೂ.

ಎಂಟನೇ ದಿನ ಕೆಂಪು ಪೆನ್ನು ಮೂಡಲಿಲ್ಲ.
ಅಂಗೈಗೆ ಗೀಚಿದೆ, ಎರಡು ಸಲ, ಮೂರು ಸಲ.
ಆಮ್ಯಾಲ ಬರೀತು.

ರಾತ್ರಿ ರೊಟ್ಟಿ ನೀಡುವಾಗ ಹೆಂಡತಿ
ನನ್ನ ಕೈ ಹಿಡದು ದೀಪದ ಕಡಿ ತಿರುವಿದ್ಲು.
"ಮತ್ತ ಕಡೀತೇನು?"
ಇಲ್ಲ, ಮಸಿ, ಅಂದೆ.
ಹೂಂ ಅಂದ್ಲು.
ಆದರೂ ಎದ್ದುಹೋಗಿ ಸುಣ್ಣದ ಡಬ್ಬಿ ತಂದಿಟ್ಲು.