ಒಂಬತ್ತನೆಯ ನಿಯಮ

ಗೋಡೆಯ ಮೇಲೆ ನಾನೇ ಅಂಟಿಸಿದ ಹಾಳೆ:
ಓದಿಗೆ ಸಂಬಂಧಿಸಿದ ಕೆಲಸಕ್ಕೆ ಮಾತ್ರ.
ಒಬ್ಬರಿಗೆ ಒಂದು ಗಂಟೆ. ಆಟ ಇಲ್ಲ, ಸಿನಿಮಾ ಇಲ್ಲ,
ಹುರಿದ ಬಾಳೆಹಣ್ಣಿನ ಪೊಟ್ಟಣ ಕೀಲಿಮಣೆಯ ಹತ್ತಿರ ತರಕೂಡದು.
ಆರನೆಯದು, ಇನ್ನೊಬ್ಬರ ಕಡತ ನೋಡಬಾರದು.
ಒಂಬತ್ತನೆಯದು, ಯಂತ್ರದಲ್ಲಿ ಬಿಟ್ಟುಹೋದದ್ದೆಲ್ಲ
ರಾತ್ರಿ ಹತ್ತಕ್ಕೆ ತಾನಾಗಿ ಅಳಿಸಿಹೋಗುತ್ತದೆ.
ಕೆಳಗೆ ಗ್ರಂಥಪಾಲಕರ ಮೊಹರು, ತುಸು ವಾರೆಯಾಗಿ.

ಇದು ಕೇಪ್ ಕೋಸ್ಟ್. ಜನವರಿ.
ಮರುಭೂಮಿಯ ಕಡೆಯಿಂದ ಹರ್ಮಟಾನ್ ಗಾಳಿ.
ಕಿಟಕಿ ಎಷ್ಟು ಬಿಗಿದು ಮುಚ್ಚಿದರೂ ಧೂಳು ಒಳಬಂದು
ಅಕ್ಷರಗಳ ಮೇಲೆ ಕೂರುತ್ತದೆ.
ಬೆಳಿಗ್ಗೆ ಒರೆಸುವ ಮುಂಚೆ ಬಗ್ಗಿ ನೋಡಿದರೆ ತಿಳಿಯುತ್ತದೆ,
ನಿನ್ನೆ ಯಾವ ಕೀಲಿಗೆ ಎಷ್ಟು ಬೆರಳು ಬಿದ್ದಿದ್ದವೆಂದು.
ಅಳಿಸುವ ಕೀಲಿ ಮಾತ್ರ ಯಾವಾಗಲೂ ಹೊಳೆಯುತ್ತಿರುತ್ತದೆ.

ಹನ್ನೊಂದು ವರ್ಷವಾಯಿತು ಈ ಸಾಲುಗಳ ನಡುವೆ ನಡೆದು.
ದೈವಶಾಸ್ತ್ರದ ಅಟ್ಟಾ ಕದ್ದು ಬಾಕ್ಸಿಂಗ್ ನೋಡುತ್ತಾನೆ,
ನನ್ನ ಚಪ್ಪಲಿಯ ಸದ್ದಿಗೆ ಪರದೆ ತುಂಬ ಪ್ರವಾದಿಗಳು.
ಗೊತ್ತು. ಗೊತ್ತಿಲ್ಲದ ಹಾಗೆ ಕೆಮ್ಮಿ ಮುಂದೆ ಹೋಗುತ್ತೇನೆ.
ಕೆಮ್ಮುವುದಕ್ಕೂ ಸಂಬಳ ಕೊಡುತ್ತಾರೆ ನನಗೆ.

ಅವತ್ತು ಹತ್ತಕ್ಕೆ ಏಳು ನಿಮಿಷ ಇತ್ತು.
ಹದಿನಾಲ್ಕನೆಯ ಯಂತ್ರ ಬೆಳಗುತ್ತಲೇ ಇತ್ತು, ಕುರ್ಚಿ ಖಾಲಿ.
ನೋಂದಣಿ ಪುಸ್ತಕದಲ್ಲಿ: ಅರಾಬಾ ಬೆಂಟ್ಸಿಲ್, ನರ್ಸಿಂಗ್, ಎರಡನೆಯ ವರ್ಷ.
ಮುಚ್ಚೋಣವೆಂದು ಕೈಯಿಟ್ಟರೆ
ಉಳಿಸಲೇ, ಬೇಡವೇ ಎಂದು ಕೇಳಿತು ಯಂತ್ರ,
ನಾನೇ ಬರೆದವನೆಂಬಂತೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ
ಓದಿದೆ. ಎರಡೇ ಸಾಲು, ಆಣೆ ಮಾಡಿ ಹೇಳುತ್ತೇನೆ:
'ಮಾನ್ಯರೇ, ವಾರ್ಡಿನ ಹಾಜರಿ ಪುಸ್ತಕದಲ್ಲಿ
ಮನ್ಸಾಳ ಹೆಸರಿನ ಮುಂದಿರುವ ಸಹಿಗಳೆಲ್ಲ ನನ್ನವು.
ಆ ಹತ್ತೊಂಬತ್ತು ರಾತ್ರಿ ಅವಳು ಅಲ್ಲಿರಲಿಲ್ಲ.'
ಕೆಳಗೆ ಇನ್ನೂ ಒಂದೂವರೆ ಪುಟ.
ಎಲ್ಲಿದ್ದಳು ಮನ್ಸಾ? ಕಣ್ಣು ಕಿತ್ತುಕೊಂಡೆ.

ಐದು ನಿಮಿಷ. ಪಾಪ, ಮರೆತುಹೋಗಿದ್ದಾಳೆ,
ಇಷ್ಟು ಬರೆಯಲು ಎಷ್ಟು ನಿದ್ದೆ ಕೆಟ್ಟಿದ್ದಳೋ ಅಂದುಕೊಂಡೆ.
ಮೂಲೆಯ ಮುದ್ರಣಯಂತ್ರ ಗೊರಗೊರ ಎಂದಿತು.
ಎರಡು ಹಾಳೆಗೆ ಒಂದು ಸೇಡಿ, ನನ್ನ ಜೇಬಿನಿಂದ.
ರಸೀದಿಯ ಮೇಲೆ 'ಸ್ವಂತ ಉಪಯೋಗಕ್ಕೆ' ಎಂದು ಬರೆದೆ.
ಬೇರೆ ಏನು ಬರೆಯಬೇಕಿತ್ತು?
ಹಾಳೆಗಳನ್ನು ಕವುಚಿ ಲಕೋಟೆಯೊಳಗಿಟ್ಟೆ.
ಹತ್ತು ಹೊಡೆಯಿತು. ಹದಿನಾಲ್ಕೂ ಎಲ್ಲದರ ಜೊತೆ ಕಪ್ಪಾಯಿತು.

ಮಾರನೆಯ ದಿನ ಬಂದಳು, ಬಿಳಿ ಸಮವಸ್ತ್ರ,
ತುಟಿ ಗಾಳಿಗೆ ಒಡೆದಿತ್ತು.
ಲಕೋಟೆ ಚಾಚಿದೆ, ಬಹುಮಾನ ಕೊಡುವವನ ಹಾಗೆ.
ಇಣುಕಿ ನೋಡಿದಳು. ತುಂಬ ಹೊತ್ತು ಏನೂ ಹೇಳಲಿಲ್ಲ.
'ಓದಿದಿರಾ?'
'ಎರಡು ಸಾಲು.'
'ಅಳಿದುಹೋಗಲಿ ಅಂತಲೇ ಬಿಟ್ಟಿದ್ದೆ, ಅಂಕಲ್.
ಒಮ್ಮೆ ಬರೆದು ನೋಡಬೇಕಿತ್ತು, ಅಷ್ಟೇ.
ಒಂಬತ್ತನೆಯದನ್ನು ಓದಿಯೇ ಬಿಟ್ಟಿದ್ದು.'

ಹನ್ನೊಂದು ವರ್ಷದಲ್ಲಿ ಆ ಹಾಳೆಯನ್ನು
ಕೊನೆಯತನಕ ಓದಿದವಳು ಒಬ್ಬಳೇ,
ಅವಳನ್ನೇ ನಾನು ಉಳಿಸಲು ಹೋಗಿದ್ದೆ.

ಹರಿದುಹಾಕುತ್ತಾಳೆ ಅಂದುಕೊಂಡೆ, ಕಸದ ಬುಟ್ಟಿ ಸರಿಸಿಕೊಟ್ಟೆ.
ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿದಳು,
ಅಂಗೈಯಲ್ಲಿಟ್ಟು ಒಮ್ಮೆ ತೂಗಿ ನೋಡಿದಳು.
'ಪರದೆಯ ಮೇಲೆ ಇಷ್ಟು ಭಾರ ಇರಲಿಲ್ಲ' ಎಂದಳು.
ಒಂದು ಸೇಡಿ ನಾಣ್ಯವನ್ನು ನೋಂದಣಿ ಪುಸ್ತಕದ ಮೇಲಿಟ್ಟು
ಮೆಟ್ಟಿಲಿಳಿದಳು.

ಕೆಳಗೆ ಬಾದಾಮಿ ಮರದ ಬಳಿ ದಾರಿ ಒಡೆಯುತ್ತದೆ.
ಎಡಕ್ಕೆ ವಿಭಾಗದ ಕಚೇರಿ,
ಬಲಕ್ಕೆ ಗೇಟು, ಪೇಟೆಗೆ ಕೂಗಿ ಕರೆಯುವ ಟ್ರೋಟ್ರೋ ವ್ಯಾನುಗಳು.
ಕಿಟಕಿಗೆ ಹೋಗಿ ನಿಂತೆ. ಗಾಜಿನ ತುಂಬ ಕೆಂಧೂಳು,
ಮರದವರೆಗೆ ಒಂದು ಬಿಳಿ ಚುಕ್ಕೆ, ಆಮೇಲೆ ಅದೂ ಇಲ್ಲ.
ಎಡಕ್ಕೋ ಬಲಕ್ಕೋ, ಒರೆಸಿದ್ದರೆ ಕಾಣುತ್ತಿತ್ತು.
ಬಟ್ಟೆ ಕೈಯಲ್ಲೇ ಇತ್ತು.