ಒಡೆದ ಜಾಗ

ಡೆಟ್ರಾಯ್ಟಿನಲ್ಲೊಂದು ಗ್ಯಾರೇಜಿನ ಹಿಂದುಗಡೆ,
ಅರವತ್ತೇಳರ ಫೆಬ್ರವರಿ. ವರ್ನೀಸಳಿಗೆ ಮೂಗು ಕಟ್ಟಿತ್ತು.
ಎರಡನೆಯ ಚರಣದಲ್ಲಿ ‘ಬಾ’ ಎನ್ನುವಲ್ಲಿ
ಗಂಟಲು ಒಡೆಯಿತು, ಹಾಲು ಒಡೆದ ಹಾಗೆ.
‘ಇನ್ನೊಂದು ಸಲ ಹಾಡ್ತೀನಿ’ ಅಂದಳು.
‘ಟೇಪಿನ ದುಡ್ಡು ನಿಮ್ಮಪ್ಪ ಕೊಡ್ತಾನಾ?’ ಅಂದ ಮಿಸ್ಟರ್ ಹಾಲ್ಸಿ.

ಮುನ್ನೂರು ತಟ್ಟೆ ಅಚ್ಚಾಗಿ ಹನ್ನೊಂದು ಖರ್ಚಾದವು,
ಅದರಲ್ಲಿ ನಾಲ್ಕು ಚಿಕ್ಕಪ್ಪನೇ ಕೊಂಡದ್ದು.
ಆಮೇಲೆ ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಸ್ಟಿಯರಿಂಗು,
ಗ್ರೇಷಿಯಟ್ ರಸ್ತೆಯಲ್ಲಿ ಹೋಗುತ್ತ, ಬರುತ್ತ.
ಹಾಡು? ಭಾನುವಾರ ಚರ್ಚಿನಲ್ಲಿ,
ಅದೂ ಹಿಂದಿನ ಸಾಲಿನಲ್ಲಿ ನಿಂತು.

ಅತ್ತ ಕಡಲಾಚೆ, ಇಂಗ್ಲೆಂಡಿನ ಗಿರಣಿಯೂರೊಂದರಲ್ಲಿ
ಪಾಳಿ ಮುಗಿಸಿದ ಹುಡುಗರು ನೆಲಕ್ಕೆ ಪೌಡರ್ ಚೆಲ್ಲಿ
ಅವಳ ತಟ್ಟೆಯ ಜೊತೆ ಬೆಳಗಿನ ತನಕ
ಗಿರಗಿರ ತಿರುಗುತ್ತಿದ್ದರು.
ಅವಳಿಗೆ ಗೊತ್ತಾದದ್ದು ಎಪ್ಪತ್ತೊಂದನೆಯ ವಯಸ್ಸಿಗೆ.

ಬ್ಲ್ಯಾಕ್‌ಪೂಲಿನ ವೇದಿಕೆ. ಕೆಳಗೆ ಸಾವಿರ ಬೋಳುತಲೆ, ದೊಗಲೆ ಪ್ಯಾಂಟು.
ಈ ಸಲ ನೆಗಡಿಯಿಲ್ಲ.
‘ಬಾ’ ಅಂದಳು, ನುಣ್ಣಗೆ, ಒಂದು ಗೀರೂ ಇಲ್ಲದೆ.
ಸಾವಿರ ಗಂಟಲು
ಅದೇ ಜಾಗದಲ್ಲಿ ಒಡೆದವು.

ಮೈಕು ಕೆಳಗಿಳಿಸಿ ಕೇಳಿಸಿಕೊಂಡಳು
ಯಾರ್ಯಾರೋ ಇಷ್ಟು ವರ್ಷ ಜೋಪಾನ ಮಾಡಿದ್ದ
ತನ್ನ ಹಳೆಯ ನೆಗಡಿಯನ್ನು.
ಕರವಸ್ತ್ರಕ್ಕೆ ತಡಕಾಡಿದಳು.
ಬ್ಯಾಗು ಹೋಟೆಲಿನಲ್ಲೇ ಉಳಿದಿತ್ತು.